ಇನ್ನೂರೈವತ್ತು ಮೀಟರ್

ಶಾಲೆಯ ಮೈದಾನ ನೋಡಿಕೊಳ್ಳುವವನಿಗೆ ಮಕ್ಕಳು ಇಟ್ಟ ಹೆಸರು ಗೆರೆರಾಯ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಬಾವುಟ ನೆಡುವುದು ಎಲ್ಲ ಅವನದೇ ಕೆಲಸವಾದರೂ ಅವನು ಮೀಸೆ ತಿರುವುತ್ತಿದ್ದದ್ದು ಸುಣ್ಣದ ಗೆರೆಗೆ ಮಾತ್ರ. ಗೆರೆ ಒಂದು ಬೆರಳು ಆಚೀಚೆ ಆಗಿದೆ ಎಂದು ಯಾರಾದರೂ ಅಂದರೆ ಆವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ಇಂಥವರು ಸಣ್ಣ ತಪ್ಪು ಮಾಡುವುದೇ ಇಲ್ಲ. ಮಾಡಿದರೆ ಊರಿಗೆಲ್ಲ ಹಂಚುವಷ್ಟು ಮಾಡುತ್ತಾರೆ.

ಅವನ ತಪ್ಪು ಹುಟ್ಟಿದ್ದು ಅವನ ಅಚ್ಚುಕಟ್ಟುತನದಿಂದಲೇ. ದಾರಿ ಅಳೆಯಲು ಶಾಲೆಯಲ್ಲಿ ಒಂದು ಅಳತೆ ಚಕ್ರವಿತ್ತು. ಮೇಲೆ ಉದ್ದನೆಯ ಹಿಡಿ, ಕೆಳಗೊಂದು ಗಾಲಿ. ತಳ್ಳಿಕೊಂಡು ನಡೆದರೆ ಒಂದು ಸುತ್ತಿಗೆ ಒಂದು ಸಲ ಟಿಕ್ ಅನ್ನುತ್ತದೆ, ಒಂದು ಟಿಕ್ಕಿಗೆ ಒಂದು ಮೀಟರ್. ಎರಡು ವರ್ಷದ ಹಿಂದೆ ಗಾಲಿಯ ಸುತ್ತಲಿನ ದಪ್ಪ ರಬ್ಬರು ಸೀಳಿ, ಕಲ್ಲು ಮಣ್ಣು ಕಚ್ಚಿಕೊಂಡು ಗಾಲಿ ಕುಂಟತೊಡಗಿತು. ಹೊಸದು ಬೇಕೆಂದರೆ ಕಚೇರಿಯವರು ಮುಂದಿನ ವರ್ಷ ನೋಡೋಣ ಅಂದರು. ಗೆರೆರಾಯ ರಬ್ಬರನ್ನು ಪೂರ್ತಿ ಕಿತ್ತುಹಾಕಿ, ಬರಿಯ ಕಬ್ಬಿಣದ ಗಾಲಿಯನ್ನು ತಿಕ್ಕಿ ತೊಳೆದು ಎಣ್ಣೆ ಹಾಕಿದ. ಅದು ಎಷ್ಟು ಸಲೀಸಾಗಿ ಉರುಳಿತೆಂದರೆ ಅವನಿಗೇ ಮುದ್ದು ಬಂತು. ರಬ್ಬರು ಹೋದರೆ ಗಾಲಿ ಚಿಕ್ಕದಾಗುತ್ತದೆ, ಗಾಲಿ ಚಿಕ್ಕದಾದರೆ ಮೀಟರೂ ಚಿಕ್ಕದಾಗುತ್ತದೆ ಎಂಬುದು ಆ ಪುಣ್ಯಾತ್ಮನ ತಲೆಗೆ ಹೊಳೆಯಲಿಲ್ಲ. ಅದೇ ಚಕ್ರ ಹಿಡಿದು ಹೈಸ್ಕೂಲು ಹುಡುಗಿಯರ ಗುಡ್ಡಗಾಡು ಓಟದ ದಾರಿಯನ್ನು ಹೊಸದಾಗಿ ಅಳೆದ. ಮೈದಾನ ಬಿಟ್ಟು ಕಾಲುವೆ ದಂಡೆ ಹಿಡಿದು, ತೋಪು ದಾಟಿ, ದಿಬ್ಬ ಸುತ್ತಿ ಮತ್ತೆ ಮೈದಾನಕ್ಕೆ, ಸರಿಯಾಗಿ ನಾಲ್ಕು ಸಾವಿರ ಟಿಕ್ಕು. ಪ್ರತಿ ಸಾವಿರಕ್ಕೆ ಒಂದು ಗೂಟ ಹೊಡೆದ.

ಆ ವರ್ಷ ಹುಡುಗಿಯರ ಸಮಯ ಒಂದೇ ಸಮನೆ ಇಳಿಯಿತು. ಹದಿನಾರು ನಿಮಿಷದವರು ಹದಿನೈದಕ್ಕೆ ಬಂದರು, ಹದಿನೈದರವರು ಹದಿನಾಲ್ಕಕ್ಕೆ. ಅದೇ ವರ್ಷ ಕೋಚ್ ಮರಳಿನ ಚೀಲ ಹೊರಿಸಿ ದಿಬ್ಬ ಹತ್ತಿಸುವ ಹೊಸ ತರಬೇತಿ ಶುರುಮಾಡಿದ್ದರು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು. ಬೇರೆ ಶಾಲೆಗಳ ಕೋಚುಗಳು ನೋಟ್‌ಬುಕ್ಕು ಹಿಡಿದುಕೊಂಡು ಮರಳಿನ ಚೀಲದ ತೂಕ ಕೇಳಿಕೊಂಡು ಹೋಗಲು ಬಂದರು. ಬೇರೆ ಶಾಲೆಯ ದಾರಿಗಳಲ್ಲಿ ಓಡಿದಾಗ ಇದೇ ಹುಡುಗಿಯರು ಒಂದೊಂದು ನಿಮಿಷ ತಡವಾಗಿ ಬರುತ್ತಿದ್ದರು. ಅದಕ್ಕೂ ಕೋಚ್ ಬಳಿ ಉತ್ತರವಿತ್ತು: ಅವರ ನೆಲ ಮೆತ್ತಗೆ, ಅವರ ದಿಬ್ಬ ಕಡಿದು, ನಮ್ಮವರಿಗೆ ಹೊಸ ಜಾಗದ ಹೆದರಿಕೆ. ಗುಡ್ಡಗಾಡು ಓಟದಲ್ಲಿ ಒಂದು ದಾರಿಯಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಯಾರೂ ಕೆದಕಲಿಲ್ಲ.

ಎಲ್ಲರಿಗಿಂತ ಮುಂದೆ ಇದ್ದವಳು ಗೆರೆರಾಯನ ಮಗಳು. ತಮ್ಮ ಶಾಲೆಯ ದಾರಿಯಲ್ಲಿ ಅವಳ ಸಮಯ ಹದಿನಾಲ್ಕು ನಿಮಿಷ ಎಂಟು ಸೆಕೆಂಡು, ಹೊರಗೆ ಹದಿನೈದು ನಿಮಿಷ ಐದು. ಓದಿನಲ್ಲಿ ಅಷ್ಟಕ್ಕಷ್ಟೆ. ಅವಳಿಗೆ ಬೇಕಾಗಿದ್ದದ್ದು ಒಂದೇ, ದೂರದ ಕ್ರೀಡಾ ಶಾಲೆಯಲ್ಲಿ ಒಂದು ಜಾಗ. ಅಲ್ಲಿ ಸೇರಿದರೆ ಊಟ, ವಸತಿ, ಓದು, ನಿಜವಾದ ತರಬೇತಿ ಎಲ್ಲ ಅವರದೇ. ಹದಿನೈದು ನಿಮಿಷ ಇಪ್ಪತ್ತು ಸೆಕೆಂಡಿನೊಳಗೆ ಓಡಿದವರನ್ನು ಆಯ್ಕೆ ಓಟಕ್ಕೆ ಕರೆಯುತ್ತಿದ್ದರು, ಓಟದಲ್ಲಿ ಮೊದಲ ಆರು ಜನರನ್ನು ತೆಗೆದುಕೊಳ್ಳುತ್ತಿದ್ದರು. ಕರೆಪತ್ರ ಬಂದಾಗ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಬಟ್ಟೆ ಹೊಲಿಯುವ ತಾಯಿ ಮೆಷಿನ್ನು ನಿಲ್ಲಿಸಿ ಅದನ್ನು ಎರಡು ಸಲ ಓದಿದಳು.

"ನಿಮ್ಮಪ್ಪ ಹೊಸಿಲು ದಾಟಿದರೆ ಏದುಸಿರು ಬಿಡ್ತಾರೆ, ಇದು ಯಾರ ಕಡೆಯಿಂದ ಬಂತೇ ನಿನಗೆ?" ಅಂದಳು.

"ದಾರಿ ಹಾಕಿದ್ದು ಯಾರು ಮತ್ತೆ?" ಎಂದು ಗೆರೆರಾಯ ಎದೆ ಉಬ್ಬಿಸಿದ. ಮೂವರೂ ನಕ್ಕರು.

ಆಯ್ಕೆ ಓಟಕ್ಕೆ ಮೂರು ವಾರವಿದ್ದಾಗ ಶಾಲೆಯ ಹಿಂದೆ ಗೋಡೆ ಕಟ್ಟಲು ಒಬ್ಬ ಮೇಸ್ತ್ರಿ ಬಂದ. ಅವನು ಟೇಪು ಹಿಡಿದು ಅರವತ್ತು ಮೀಟರ್ ಅಂದ. ಗೆರೆರಾಯ ಚಕ್ರ ಉರುಳಿಸಿ ಅರವತ್ತನಾಲ್ಕು ಅಂದ.

"ನಿಮ್ಮ ಟೇಪು ಎಳೆದೂ ಎಳೆದೂ ಜೋಲುಬಿದ್ದಿದೆ ಮೇಸ್ತ್ರಿ."

"ಸ್ಟೀಲ್ ಟೇಪು ಜೋಲುಬೀಳೋಕೆ ಅದೇನು ನಿಮ್ಮ ಪಂಚೆಯಾ? ಇನ್ನೊಂದು ಸಲ ಅಳೀರಿ."

ಇನ್ನೊಂದು ಸಲವೂ ಅರವತ್ತನಾಲ್ಕೇ ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗೆರೆರಾಯ ವಾದಿಸಿದ. ಮೇಸ್ತ್ರಿ ಟೇಪನ್ನು ನೆಲದ ಮೇಲೆ ಹಾಸಿ, ಅದರ ಪಕ್ಕದಲ್ಲೇ ಚಕ್ರವನ್ನು ಒಂದು ಸುತ್ತು ಉರುಳಿಸಿ ತೋರಿಸಿದ. ಟಿಕ್ ಅಂದಾಗ ಗಾಲಿ ಟೇಪಿನ ತೊಂಬತ್ತನಾಲ್ಕು ಸೆಂಟಿಮೀಟರ್ ಗುರುತನ್ನು ಕೂಡ ಮುಟ್ಟಿರಲಿಲ್ಲ.

ಮೇಸ್ತ್ರಿ ಹೋದ ಮೇಲೆ ಗೆರೆರಾಯ ಸಾಮಾನು ಕೋಣೆಯಲ್ಲಿ ಸುಣ್ಣದ ಮೂಟೆಯ ಮೇಲೆ ಕೂತು ಲೆಕ್ಕ ಹಾಕಿದ. ನಾಲ್ಕು ಸಾವಿರಕ್ಕೆ ಇನ್ನೂರೈವತ್ತು ಮೀಟರ್ ಕಡಿಮೆ. ಮಗಳ ಹದಿನಾಲ್ಕು ನಿಮಿಷ ಎಂಟು ಸೆಕೆಂಡಿಗೆ ಆ ಇನ್ನೂರೈವತ್ತನ್ನು ಸೇರಿಸಿದರೆ ಹದಿನೈದು ನಿಮಿಷ ಐದು, ಹೊರಗಿನ ದಾರಿಗಳಲ್ಲಿ ಅವಳು ಓಡಿದಷ್ಟೇ. ಯಾರ ನೆಲವೂ ಮೆತ್ತಗಿರಲಿಲ್ಲ, ಯಾರಿಗೂ ಹೆದರಿಕೆ ಇರಲಿಲ್ಲ.

ಬೆಳಿಗ್ಗೆಯೇ ಕೋಚ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ. ಕೋಚ್ ಎದ್ದು ಕೋಣೆಯ ಬಾಗಿಲು ಹಾಕಿದರು.

"ಇದು ಇನ್ಯಾರಿಗೆ ಗೊತ್ತು?"

"ನನಗೆ, ನಿಮಗೆ. ಗೋಡೆ ಕಟ್ಟೋ ಮೇಸ್ತ್ರಿಗೆ ಓಟದ ವಿಷಯ ಗೊತ್ತಿಲ್ಲ ಸರ್."

"ಹಾಗಾದ್ರೆ ಇಲ್ಲಿಗೇ ಬಿಡು. ನೋಡಯ್ಯ, ಓಡೋದು ಕಾಲಲ್ಲ, ತಲೆ. ಹದಿನಾಲ್ಕು ಎಂಟು ಓಡಬಲ್ಲೆ ಅಂತ ಆ ಹುಡುಗಿ ನಂಬಿದ್ದಾಳೆ, ನಂಬಿದ್ರೆ ಓಡ್ತಾಳೆ. ನಮ್ಮ ತರಬೇತಿಯ ಅನುಕೂಲವೇ ಅದು."

"ಆದರೂ ಸರ್, ಅವಳಿಗೊಬ್ಬಳಿಗಾದ್ರೂ..."

"ಹೇಳು, ಬೇಡ ಅನ್ನಲ್ಲ. ಕ್ರೀಡಾ ಶಾಲೆಯವರು ಪಟ್ಟಿಯಿಂದ ಅವಳ ಹೆಸರು ತೆಗೆದ್ರೆ ಆಮೇಲೆ ನನ್ನ ಹತ್ರ ಬಂದು ಅಳಬೇಡ."

ಮರಳಿನ ಚೀಲದ ಖ್ಯಾತಿಯನ್ನು ಕಾಪಾಡಿಕೊಳ್ಳಲು ಕೋಚ್ ಆಡಿದ ಮಾತು ಅದು. ಗೆರೆರಾಯನಿಗೂ ಅರ್ಥವಾಗದೆ ಇರಲಿಲ್ಲ. ಆದರೆ ಹೆಸರು ತೆಗೆಯುತ್ತಾರೆ ಎಂಬುದು ಕಿವಿಗೆ ಬಿದ್ದ ಮೇಲೆ ಅವನ ನಾಲಿಗೆ ಬಿದ್ದುಹೋಯಿತು. ಕರೆಪತ್ರದಲ್ಲಿ ಹದಿನೈದು ಇಪ್ಪತ್ತು ಎಂದು ಕಪ್ಪು ಅಕ್ಷರದಲ್ಲಿ ಅಚ್ಚಾಗಿತ್ತು, ಮಗಳ ನಿಜವಾದ ಸಮಯಕ್ಕೂ ಅದರೊಳಗೆ ಜಾಗವಿತ್ತು. ಹೆದರಿದವನ ತಲೆಗೆ ಅಷ್ಟು ಸಣ್ಣ ಲೆಕ್ಕವೂ ಹತ್ತಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹೊರಗಿನ ಓಟಗಳಲ್ಲಿ ಇಷ್ಟು ದಿನ ಅವಳು ಮೈಗೆ ಒಗ್ಗಿದಂತೆ ಓಡಿದ್ದಳು, ಆಯ್ಕೆ ಓಟವನ್ನು ಮಾತ್ರ ಕೋಚ್ ಕಿಲೋಮೀಟರಿಗೆ ಮೂರು ನಿಮಿಷ ಮೂವತ್ತೆರಡು ಸೆಕೆಂಡಿನ ಲೆಕ್ಕದಲ್ಲಿ ಭಾಗ ಮಾಡಿಕೊಟ್ಟಿದ್ದರು. ಗಿಡ್ಡ ಕಿಲೋಮೀಟರನ್ನು ಅವಳು ಹಾಗೆ ಓಡುತ್ತಿದ್ದಳು, ಪೂರಾ ಕಿಲೋಮೀಟರನ್ನು ಓಡಲಾರಳು. ಇದು ಗೆರೆರಾಯನಿಗೆ ಮೂರು ವಾರವೂ ಗೊತ್ತಿತ್ತು. ಎದುರಿಗೆ ಮಗಳು ತಟ್ಟೆಯಿಟ್ಟುಕೊಂಡು ಕೂತಾಗಲೆಲ್ಲ ಬಾಯಿ ತೆರೆಯುತ್ತಿದ್ದ, ಇನ್ನೊಂದು ತುತ್ತು ಹಾಕಿಕೊಂಡು ಮುಚ್ಚುತ್ತಿದ್ದ.

ಆಯ್ಕೆ ಓಟದ ಬೆಳಿಗ್ಗೆ ಕ್ರೀಡಾ ಶಾಲೆಯ ಮೈದಾನದಲ್ಲಿ ಅವಳ ಎದೆಯ ಮೇಲೆ ಒಂದನೇ ನಂಬರು ಅಂಟಿಸಿದರು. ಉಳಿದ ಹುಡುಗಿಯರು ಅವಳನ್ನು ಕದ್ದು ಕದ್ದು ನೋಡುತ್ತಿದ್ದರು. ಗೆರೆರಾಯ ಹಗ್ಗದಾಚೆಯಿಂದ ಕರೆದ.

"ಪುಟ್ಟಿ, ಮೊದಲು ಸ್ವಲ್ಪ ನಿಧಾನ ಹೋಗಮ್ಮ. ಮೊದಲ ಕಿಲೋಮೀಟರು ಮೂರು ನಲವತ್ತೈದಕ್ಕೆ ಮುಗಿಸಿದ್ರೆ ಸಾಕು."

"ಮೂರು ನಲವತ್ತೈದಾ? ಅಪ್ಪ, ಗೆರೆ ಹಾಕೋದು ನಿನ್ನ ಕೆಲಸ, ಓಡೋದು ನನ್ನ ಕೆಲಸ." ನಗುತ್ತಲೇ ಅವನ ಕೆನ್ನೆ ತಟ್ಟಿ ಹೋದಳು. ಕಾರಣ ಹೇಳಲು ಅವನಿಗೆ ಆಗಲೂ ಅರ್ಧ ನಿಮಿಷವಿತ್ತು. ಹೇಳಲಿಲ್ಲ.

ಮೊದಲ ಕಿಲೋಮೀಟರಿನ ಕಂಬವನ್ನು ಅವಳು ಮೂರು ಮೂವತ್ತೊಂದಕ್ಕೆ ದಾಟಿದಳು. ಹಿಂದಿನವಳು ಐವತ್ತು ಮೀಟರ್ ದೂರದಲ್ಲಿದ್ದಳು. ಯಾರೋ "ಒಂದನೇ ನಂಬರು ಅಂದ್ರೆ ಹೀಗಿರಬೇಕು" ಅಂದರು. ಎರಡನೆಯ ಕಂಬಕ್ಕೆ ಬರುವಾಗ ಅವಳ ಭುಜ ಮೇಲೇರಿತ್ತು. ಮೂರನೆಯದಕ್ಕೆ ಒಂದು ಕೈ ಪಕ್ಕೆಯನ್ನು ಒತ್ತಿಕೊಂಡಿತ್ತು, ಐದು ಜನ ಅವಳನ್ನು ದಾಟಿದ್ದರು. ಕೊನೆಯ ಏರಿನಲ್ಲಿ ಅವಳು ನಡೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಬೀಳುವುದನ್ನು ಗೆರೆರಾಯ ಕಣ್ಣಾರೆ ಕಂಡ. ಹದಿನೈದು ನಿಮಿಷ ಐವತ್ತನಾಲ್ಕು ಸೆಕೆಂಡು, ಒಂಬತ್ತನೇ ಸ್ಥಾನ. ಆರನೆಯವಳಾಗಿ ಬಂದದ್ದು ಒಬ್ಬ ಕುಳ್ಳ ಹುಡುಗಿ, ಹೋದ ವರ್ಷವೆಲ್ಲ ಇವಳ ಬೆನ್ನು ನೋಡುತ್ತ ಓಡಿದವಳು. ಅವಳ ಸಮಯ ಹದಿನೈದು ನಿಮಿಷ ಹನ್ನೊಂದು ಸೆಕೆಂಡು.

ವಾಪಸು ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಿದ್ದಳು. "ನನ್ನ ತಲೆ ಸರಿಯಿಲ್ಲ ಅಪ್ಪ. ನಮ್ಮ ಶಾಲೇಲಿ ಓಡೋ ಹಾಗೆ ಹೊರಗೆ ಓಡಕ್ಕಾಗಲ್ಲ. ಸರ್ ಹೇಳೋ ಹಾಗೆ ನಾನು ಪುಕ್ಕಲಿ" ಅಂದಳು.

ಆಗ ಹೇಳಿದ. ರಬ್ಬರು, ಗಾಲಿ, ಮೇಸ್ತ್ರಿ, ಟೇಪು, ಒಂದೂ ಬಿಡದೆ ಹೇಳಿದ. ಅವನು ಮುಗಿಸಿದ ಮೇಲೆ ಅವಳು ಬೆರಳು ಮಡಿಸುತ್ತ ಲೆಕ್ಕ ಹಾಕಿದಳು.

"ಹದಿನೈದು ಐದು. ಅಂದ್ರೆ ಐದನೆಯವಳೋ ಆರನೆಯವಳೋ ಆಗಿ ಬರ್ತಿದ್ದೆ."

"ಹೂಂ."

"ಯಾವಾಗ ಗೊತ್ತಾಯ್ತು ನಿನಗೆ?"

"ಮೂರು ವಾರ ಆಯ್ತು."

"ಸರ್‌ಗೆ?"

"ಅವರಿಗೂ."

"ಹಾಗಾದ್ರೆ ಗೊತ್ತಿಲ್ದೆ ಓಡಿದ್ದು ನಾನೊಬ್ಬಳೇ."

ಗೆರೆರಾಯನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. "ನಾಳೆ ಹೆಡ್‌ಮಾಸ್ಟರ್ ಮುಂದೆ ಹೋಗಿ ಎಲ್ಲಾ ಹೇಳ್ತೀನಮ್ಮ. ಕೆಲಸ ಹೋದ್ರೂ ಹೋಗಲಿ. ಎಲ್ಲರಿಗೂ ಗೊತ್ತಾಗಲಿ" ಅಂದ.

"ಬೇಡ." ಅವಳು ಮೊದಲ ಸಲ ಅವನ ಕಡೆ ತಿರುಗಿದಳು. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಡಿಯವನ ಜೊತೆ ಮಾತಾಡುವಂತೆ ಮಾತಾಡಿದಳು. "ಇವತ್ತಿನ ಒಂಬತ್ತನೇ ಸ್ಥಾನ ನಿಜ, ಅದನ್ನ ಯಾರೂ ಅಳಿಸಲ್ಲ. ಹದಿನಾಲ್ಕು ಎಂಟೂ ಸುಳ್ಳು ಅಂತ ನೀನು ಹೇಳಿಬಿಟ್ರೆ ನನಗೆ ಇನ್ನೇನು ಉಳಿಯುತ್ತೆ? ಅದಾದ್ರೂ ನನ್ನ ಹೆಸರಲ್ಲಿರಲಿ. ಬಾಯಿ ಮುಚ್ಕೊಂಡು ಇರು. ಅಭ್ಯಾಸ ಇದೆಯಲ್ಲ ನಿನಗೆ."

ಗೆರೆರಾಯ ಆಗಲಿ ಅಂದ. ಅವಳು ಎದ್ದು, ಚೀಲ ತೆಗೆದುಕೊಂಡು, ಮುಂದೆ ಖಾಲಿ ಇದ್ದ ಒಂಟಿ ಸೀಟಿಗೆ ಹೋಗಿ ಕೂತಳು.