ಹತ್ತೊಂಬತ್ತು ಬಗೆ ನೆಂಚಿಕೆ

ಮಾರುಕಟ್ಟೆಯ ಮೂರನೇ ಓಣಿಯಲ್ಲಿ, ಗಡಿಯಾರ ರಿಪೇರಿಯವರ ಅಂಗಡಿಗೂ ಇಸ್ತ್ರಿಯಮ್ಮನ ಅಂಗಡಿಗೂ ನಡುವೆ, ಇಬ್ಬರು ಕೂರುವ ಬಸ್ಸಿನ ಸೀಟಿನಲ್ಲಿ ಮೂರನೆಯವರು ತೂರಿಕೊಂಡ ಹಾಗೆ ಒಂದು ಅಂಗಡಿಯಿತ್ತು. ಅಲ್ಲಿ ಊಟ ಸಿಗುತ್ತಿರಲಿಲ್ಲ. ಊಟಕ್ಕೆ ನೆಂಚಿಕೊಳ್ಳುವುದು ಮಾತ್ರ ಸಿಗುತ್ತಿತ್ತು. ಜಜ್ಜಿದ ಸೌತೆಕಾಯಿಗೆ ಬೆಳ್ಳುಳ್ಳಿ, ವಿನೆಗರ್, ಎಳ್ಳೆಣ್ಣೆ ಬೆರೆಸಿದ್ದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಪಾಲಕ್ ಸೊಪ್ಪಿಗೆ ಹುರಿದ ಎಳ್ಳಿನ ಪುಡಿ ಹಚ್ಚಿದ್ದು. ಹುಳಿ ಹಿಡಿಸಿದ ಮೂಲಂಗಿ. ಮೆಣಸಿನ ಎಣ್ಣೆಯಲ್ಲಿ ಹೊರಳಾಡಿದ ಮೊಳಕೆಕಾಳು. ಸೋಯಾ ಸಾಸ್ ಕುಡಿದು ಕಪ್ಪಗೆ ಹೊಳೆಯುವ ಬದನೆಕಾಯಿ. ಜನ ಮನೆಯಲ್ಲಿ ಅನ್ನವೋ ಗಂಜಿಯೋ ಮೀನೋ ಬೇಯಿಸಿಟ್ಟು, ಡಬ್ಬಿ ಹಿಡಿದು ಇಲ್ಲಿಗೆ ಬರುತ್ತಿದ್ದರು.

ಅಂಗಡಿಯ ಒಡತಿ ಅಜ್ಜಿ. ಅವಳದು ಒಂದೇ ಕಟ್ಟಳೆ: ಕೇಳದೆ ಒಂದು ಚಮಚವನ್ನೂ ಕೊಡುವಂತಿಲ್ಲ. ಒಲೆಯ ಮೇಲೆ ಏನಿದೆ, ಎಷ್ಟು ಜನ, ಊಟಕ್ಕೆ ಯಾರು ಬರುತ್ತಾರೆ. ಈ ಮೂರಕ್ಕೂ ಉತ್ತರ ಬಂದಮೇಲೇ ಚಮಚ ಮೇಲೇಳುವುದು. ಮೀನು ಮಾಡಿದವರು ಸಿಹಿ ಅವರೆ ಕೇಳಿದರೆ ಅಜ್ಜಿ ಕೊಡುವುದಿಲ್ಲ, ಬೇಕಾದರೆ ಜಗಳ ಕೊಡುತ್ತಾಳೆ. ಹೀಗಾಗಿ ಇಡೀ ಓಣಿಯ ಒಲೆಗಳ ಸಮಾಚಾರ ಈ ಅಂಗಡಿಗೆ ಬಾಯಿಪಾಠ.

ಅದನ್ನೆಲ್ಲ ನಿಜಕ್ಕೂ ನೆನಪಿಟ್ಟುಕೊಳ್ಳುತ್ತಿದ್ದವಳು ಮಾತ್ರ ಅಂಗಡಿಯ ಹಿಂಬದಿಯಲ್ಲಿ ಸೌತೆಕಾಯಿ ಜಜ್ಜುತ್ತಿದ್ದ ಮೊಮ್ಮಗಳು. ಮನೆಯಲ್ಲಿ ಅವಳನ್ನು ಇರುವೆ ಅನ್ನುತ್ತಿದ್ದರು. ಸದ್ದಿಲ್ಲದೆ ಬರುತ್ತಾಳೆ, ಸದ್ದಿಲ್ಲದೆ ಹೋಗುತ್ತಾಳೆ, ಸಕ್ಕರೆ ಡಬ್ಬಿ ಖಾಲಿಯಾದಾಗಲೇ ಬಂದುಹೋದದ್ದು ಗೊತ್ತಾಗುವುದು. ಪದವಿ ಮುಗಿಸಿದ್ದಳು, ಮೌಖಿಕ ಪರೀಕ್ಷೆಯೊಂದನ್ನು ಬಿಟ್ಟು ಎಲ್ಲದರಲ್ಲೂ ಮೊದಲು. ಗಿರಾಕಿಗಳ ಎದುರು ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಚಿಕ್ಕಮ್ಮ, 'ನಮ್ಮ ಇರುವೆಯ ಬಾಯಿಂದ ಮಾತು ತೆಗೆಯೋದಕ್ಕಿಂತ ಕಲ್ಲಿಂದ ಎಣ್ಣೆ ತೆಗೆಯೋದು ಸಲೀಸು' ಅಂತ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಇಂಥವಳು ಪ್ರೀತಿಯಲ್ಲಿ ಬಿದ್ದಳು. ಬಿದ್ದದ್ದು ಫ್ರಿಜ್ ಮೆಕ್ಯಾನಿಕ್ ಒಬ್ಬನ ಮೇಲೆ. ಅಂಗಡಿಯ ಗಾಜಿನ ಫ್ರಿಜ್ ಒಮ್ಮೆ ನಿಜವಾಗಿಯೇ ಕೆಟ್ಟಿತ್ತು. ಆಮೇಲಿನ ಐದು ಸಲ ಇರುವೆ ಪ್ಲಗ್ಗನ್ನು ಕೂದಲೆಳೆಯಷ್ಟು ಸಡಿಲ ಮಾಡಿದ್ದಳು. ಅವನಿಗೂ ಮೂರನೇ ಸಲಕ್ಕೇ ಗೊತ್ತಾಗಿತ್ತು. ಆದರೂ ಬಂದು, ಪ್ಲಗ್ ಒತ್ತಿ, ಮರ್ಯಾದೆಗೆ ಅರ್ಧ ಗಂಟೆ ಫ್ರಿಜ್ಜಿನ ಹಿಂದೆ ಕೂತು, ಸೌತೆಕಾಯಿ ತಿಂದು ಹೋಗುತ್ತಿದ್ದ. ಫ್ರಿಜ್‌ಗೆ ಜ್ವರ ಬರುವುದು ಯಾವಾಗಲೂ ಮಂಗಳವಾರವೇ ಯಾಕೆ ಎಂದು ಅಜ್ಜಿ ಗಾಳಿಗೆ ಕೇಳಿದ ದಿನ, ಅವನೇ ಎದ್ದು ನಿಂತು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ, ನಿಮ್ಮ ಮೊಮ್ಮಗಳನ್ನು ನನಗೆ ಮದುವೆ ಮಾಡಿಕೊಡಿ ಎಂದು ಕೇಳಿಬಿಟ್ಟ. ಅಜ್ಜಿ ಒಳಕ್ಕೆ ತಿರುಗಿ ನೋಡಿದಳು. ಇರುವೆ ತಲೆಯಾಡಿಸಿದಳು. ಅವಳ ಮಟ್ಟಿಗೆ ಅದು ಭಾಷಣ.

ತೊಂದರೆ ಬಂದದ್ದು ಅವನ ತಾಯಿಯ ಕಡೆಯಿಂದ. ಆಕೆ ಹಾಸ್ಟೆಲೊಂದರಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದ ಅಡುಗೆಯಮ್ಮ. ತಲೆಯಾಡಿಸುವುದನ್ನು ತಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂದರಂತೆ. ಹಾಸ್ಟೆಲಿನ ಮಕ್ಕಳೂ ತಲೆಯಾಡಿಸುತ್ತಿದ್ದರು. ಅರ್ಧ ಜನಕ್ಕೆ ಇನ್ನೂ ಬೇಕಾಗಿರುತ್ತಿತ್ತು, ಇನ್ನರ್ಧ ಜನಕ್ಕೆ ಸಾಕಾಗಿರುತ್ತಿತ್ತು. ಹುಡುಗಿ ಅವಳ ಬಾಯಿಂದಲೇ, ತನ್ನ ಕಿವಿಗೆ ಬೀಳುವ ಹಾಗೆ, ಇವನನ್ನು ಮದುವೆ ಆಗುತ್ತೇನೆ ಎಂದು ಹೇಳಬೇಕು. ಹೇಳದಿದ್ದರೆ ಮದುವೆಯಿಲ್ಲ; ಗೋಡೆ ಜೊತೆ ಮಾತಾಡಿಕೊಂಡಿರಲು ತನಗೆ ಈಗಾಗಲೇ ಮನೆಯಲ್ಲಿ ನಾಲ್ಕು ಗೋಡೆ ಇದೆ.

ಸರಿ, ಮಾರುಕಟ್ಟೆಗೆ ವಾರದ ರಜೆಯಿದ್ದ ದಿನ ತಾಯಿ, ಮಗ ಇಬ್ಬರನ್ನೂ ಅಂಗಡಿಯ ಮೇಲಿನ ಮನೆಗೆ ಊಟಕ್ಕೆ ಕರೆದದ್ದಾಯಿತು.

ಆ ದಿನ ಮನೆಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪ ಕಮಲದ ದಂಟನ್ನು ಕಾಗದದಷ್ಟು ತೆಳ್ಳಗೆ ಕತ್ತರಿಸಿ ಕರಿದ. ಚಿಕ್ಕಮ್ಮ ಮೊಟ್ಟೆಯನ್ನು ಪದರಪದರವಾಗಿ ಸುರುಳಿ ಸುತ್ತಿ, ಇದನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಮೊದಲ ತುಂಡನ್ನು ತಾನೇ ತಿಂದಳು. ಅಜ್ಜಿ ಯಾರಿಗೂ ತೋರಿಸದೆ ಮೂರು ತಿಂಗಳಿಂದ ಜಾಡಿಯಲ್ಲಿ ಹುದುಗಿಸಿಟ್ಟಿದ್ದ ಖಾರದ ಎಲೆಕೋಸನ್ನು ಹೊರತೆಗೆದಳು. ಮುಚ್ಚಳ ತೆಗೆದಾಗ ಎದ್ದ ಘಾಟಿಗೆ ಪಕ್ಕದ ಮನೆಯ ಬೆಕ್ಕು ಕಿಟಕಿ ಬದಲಾಯಿಸಿತು. ಅಪ್ಪನಿಗಿಂತ ಒಂದು ಹೆಚ್ಚು ಮಾಡಬೇಕೆಂದು ಚಿಕ್ಕಮ್ಮ, ಅವಳಿಗಿಂತ ಒಂದು ಹೆಚ್ಚು ಎಂದು ಅಪ್ಪ, ಹೀಗೆ ಹಟಕ್ಕೆ ಬಿದ್ದು ಮೇಜಿನ ಮೇಲೆ ಬಟ್ಟಲುಗಳು ಹತ್ತೊಂಬತ್ತಾದವು. ಇರುವೆ ಸೌತೆಕಾಯಿ ಜಜ್ಜುತ್ತ ಒಂದೊಂದು ಏಟಿಗೂ ಒಂದೊಂದು ಪದ ಅಭ್ಯಾಸ ಮಾಡಿದಳು. ನಾನು. ಇವರನ್ನು. ಮದುವೆ. ಆಗ್ತೀನಿ. ನಾಲ್ಕೇ ಪದ. ಸೌತೆಕಾಯಿ ನುಣ್ಣಗಾಯಿತು, ಪದಗಳು ಮಾತ್ರ ಬಾಯೊಳಗೇ ಉಳಿದವು.

ಹನ್ನೆರಡೂವರೆಗೆ ಅವರು ಬಂದರು. ಅಡುಗೆಯಮ್ಮ ಅಗಲ ಮುಖದ, ಗಟ್ಟಿ ಮಣಿಕಟ್ಟಿನ ಹೆಂಗಸು. ಕೂತು ಮೇಜನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಗಡಿಯಾರ ಒಂದು ಗಂಟೆ ಹೊಡೆಯಿತು. ಮನೆಯವರೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಒಂದು ಗಂಟೆಗೆ ಬಾಗಿಲು ನೋಡುವುದು ಅವರಿಗೆ ಉಸಿರಾಡಿದಷ್ಟು ರೂಢಿ.

"ಎಲ್ಲ ಚೆನ್ನಾಗಿದೆ," ಅಂದರು ಅಡುಗೆಯಮ್ಮ. "ಅನ್ನ ಎಲ್ಲಿ?"

ಅಪ್ಪನ ಮುಖ ಹಾವು ಮೆಟ್ಟಿದವನಂತಾಯಿತು.

ವಿಷಯ ಇಷ್ಟೇ. ಎದುರಿನ ಹೋಟೆಲಿನವರಿಗೆ ದಿನಾ ಇವರು ನೆಂಚಿಕೆ ಕೊಡುತ್ತಿದ್ದರು, ಅದರ ಬದಲಿಗೆ ಒಂದು ಗಂಟೆಗೆ ಸರಿಯಾಗಿ ಹೋಟೆಲಿನಿಂದ ಅನ್ನ ಮತ್ತು ಸಾರಿನ ಪಾತ್ರೆ ಬರುತ್ತಿತ್ತು. ರಜೆಯ ದಿನಗಳಲ್ಲಿ ಇವರೆಲ್ಲ ಹೊರಗೆ ತಿಂದುಬಿಡುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಆ ಮನೆಯಲ್ಲಿ ಯಾರೂ ಅನ್ನಕ್ಕೆ ನೀರಿಟ್ಟಿರಲಿಲ್ಲ. ಅನ್ನ ಎನ್ನುವುದು ಅವರ ಲೆಕ್ಕದಲ್ಲಿ ಸೂರ್ಯನ ಹಾಗೆ, ಮಾಡುವ ವಸ್ತುವಲ್ಲ, ಬರುವ ವಸ್ತು. ಇವತ್ತು ಹೋಟೆಲಿಗೂ ರಜೆ. ಓಣಿಯ ಅಂಗಡಿಗಳೆಲ್ಲ ಬಾಗಿಲೆಳೆದಿವೆ. ಹತ್ತೊಂಬತ್ತು ಬಗೆ ಮಾಡಿದ ಮನೆಯಲ್ಲಿ ಒಂದು ಹಿಡಿ ಅಕ್ಕಿಯಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುತ್ತಾರಲ್ಲ. ಇಲ್ಲಿ ಉಪ್ಪಿನಕಾಯಿಗೇ ಊಟವಿಲ್ಲ.

ಅಪ್ಪ ಬೆವರುತ್ತ, ಇದು ಹೊಸ ಪದ್ಧತಿ, ಅನ್ನ ಕೊನೆಯಲ್ಲಿ ಎಂದು ಏನೋ ಶುರು ಮಾಡಿದ. ಚಿಕ್ಕಮ್ಮ, ವೈದ್ಯರು ಅನ್ನ ಬೇಡ ಅಂದಿದ್ದಾರೆ ಅಂದಳು. ಯಾರಿಗೆ ಎಂದು ಕೇಳಿದರೆ ಅಜ್ಜಿಯ ಕಡೆ ಬೆರಳು ಮಾಡಿದಳು. ಅಜ್ಜಿ, ನನ್ನನ್ನು ಈ ಸುಳ್ಳಿಗೆ ಎಳೆಯಬೇಡಿ ಎಂದು ಎಲೆಕೋಸಿನ ಜಾಡಿಯನ್ನು ತಬ್ಬಿಕೊಂಡು ಕೂತಳು. ಅಡುಗೆಯಮ್ಮನ ಹುಬ್ಬು ನಿಧಾನವಾಗಿ ಮೇಲೇರುತ್ತಿತ್ತು.

ಆಗ ಇರುವೆ ಎದ್ದಳು. ಅವಳ ತಲೆಯಲ್ಲಿ ಓಣಿಯ ಒಲೆಗಳೆಲ್ಲ ಒಂದೊಂದಾಗಿ ಹೊತ್ತಿಕೊಂಡವು. ರಜೆಯ ದಿನ ಇಸ್ತ್ರಿಯಮ್ಮ ಶುಂಠಿ ಹಾಕಿ ಕೋಳಿ ಬೇಯಿಸುತ್ತಾಳೆ. ಎದುರುಮನೆಯ ಡೋಲು ತಾತ ಎರಡು ದಿನಕ್ಕಾಗುವಷ್ಟು ಅನ್ನವನ್ನು ಒಂದೇ ಸಲ ಮಾಡಿಬಿಡುತ್ತಾನೆ. ಅವಳು ತಟ್ಟೆಯೊಂದಕ್ಕೆ ಆರು ಬಟ್ಟಲು ಎತ್ತಿಟ್ಟುಕೊಂಡು, ಮೆಕ್ಯಾನಿಕ್ಕನ ಕೈಗೆ ಖಾಲಿ ಪಾತ್ರೆ ತುರುಕಿ, ಮೆಟ್ಟಿಲಿಳಿದಳು.

ಇಸ್ತ್ರಿಯಮ್ಮನ ಬಾಗಿಲಲ್ಲಿ ನಿಂತು, ಬೆಳಗಿನಿಂದ ಅಭ್ಯಾಸ ಮಾಡಿದ್ದೆಲ್ಲ ಮರೆತು, ಇರುವೆ "ಕೋಳಿ" ಅಂದಳು. ಅಷ್ಟೇ.

ಇಸ್ತ್ರಿಯಮ್ಮ ಅವಳನ್ನೂ ತಟ್ಟೆಯನ್ನೂ ಹಿಂದಿದ್ದ ಗಂಡಸನ್ನೂ ನೋಡಿ ಬಾಗಿಲಿಗೇ ಒರಗಿ ನಕ್ಕಳು. ಹನ್ನೊಂದು ವರ್ಷದಲ್ಲಿ ನೀನು ನನ್ನ ಹತ್ತಿರ ಆಡಿದ ಮೊದಲ ಮಾತು ಕೋಳಿನಾ ಎಂದು ಕೇಳಿ, ಬದನೆಕಾಯಿಯ ಬಟ್ಟಲು ಎತ್ತಿಕೊಂಡು ಕೋಳಿಯ ಪಾತ್ರೆಯನ್ನೇ ಕೊಟ್ಟಳು. ಇರುವೆಗೂ ನಗು ಬಂತು. ಮೆಕ್ಯಾನಿಕ್ಕನಿಗೆ ಎಷ್ಟು ನಗು ಬಂತೆಂದರೆ ಪಾತ್ರೆಯ ಮುಚ್ಚಳ ಟಣಟಣ ಅನ್ನತೊಡಗಿತು. ಇಬ್ಬರೂ ಬಿಕೋ ಎನ್ನುವ ಓಣಿಯ ನಡುವೆ ನಿಂತು, ಕೋಳಿ ಚೆಲ್ಲದಂತೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ಮನೆಯಲ್ಲಿ ನಾನು ಕೇಳಲಾ ಎಂದ ಅವನು. ಬೇಡ, ನನಗೆ ಈಗ ರುಚಿ ಹತ್ತಿದೆ ಅಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಉಳಿದದ್ದು ಡೋಲು ತಾತ. ವಾದ್ಯದ ತಂಡದಲ್ಲಿ ಐವತ್ತು ವರ್ಷ ದೊಡ್ಡ ಡೋಲು ಬಾರಿಸಿ ಕಿವಿ ಕೆಡಿಸಿಕೊಂಡವನು. ಮನೆ ಸರಿಯಾಗಿ ಇವರ ಬಾಲ್ಕನಿಯ ಎದುರಿಗೆ, ಕೆಳಗೆ. ಅವನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಇರುವೆ ಖಾಲಿ ಪಾತ್ರೆ ತೋರಿಸಿ ಅನ್ನ ಬೇಕು ಎಂದಳು. ಕೇಳಿಸಲಿಲ್ಲ. ಇನ್ನೊಂದು ಸಲ. ಕೇಳಿಸಲಿಲ್ಲ. ಮೂರನೇ ಸಲ ಅರಚಿದಳು. ತಾತನ ಮುಖದಲ್ಲಿ ಹಬ್ಬದ ಕಳೆ ಬಂತು. ವರ್ಷಾನುಗಟ್ಟಲೆ ಈ ಅಂಗಡಿಯ ಮುಂದೆ ಮೂಲಂಗಿಗಾಗಿ ವಿಚಾರಣೆ ಎದುರಿಸಿದವನು ಅವನು. ಈಗ ಚಮಚ ಅವನ ಕೈಯಲ್ಲಿತ್ತು.

"ಒಲೆ ಮೇಲೆ ಏನಿದೆ?" ಎಂದ, ಥೇಟ್ ಅಜ್ಜಿಯ ದನಿಯಲ್ಲಿ.

"ಕೋಳಿ," ಎಂದು ಇರುವೆ ಕೂಗಿದಳು.

"ಎಷ್ಟು ಜನ?"

"ಆರು."

"ಊಟಕ್ಕೆ ಯಾರು ಬಂದಿದ್ದಾರೆ?"

ಇರುವೆ ಮೆಕ್ಯಾನಿಕ್ಕನ ಕಡೆ ಕೈ ತೋರಿಸಿದಳು. ಫ್ರಿಜ್ಜಿನವರು ಎಂದಳು. ತಾತ ಕಿವಿಗೆ ಕೈ ಅಡ್ಡ ಹಿಡಿದು, ಯಾರ ಮನೆಯ ಫ್ರಿಜ್ಜು ಕೋಳಿ ತಿನ್ನುತ್ತದೆ, ಸರಿಯಾಗಿ ಹೇಳು, ಕೇಳದೆ ಒಂದಗುಳೂ ಕೊಡುವುದಿಲ್ಲ, ನಿಮ್ಮದೇ ಕಟ್ಟಳೆ ಎಂದ. ಮೆಕ್ಯಾನಿಕ್ ಕೋಳಿಯ ಪಾತ್ರೆ ಹಿಡಿದು ಅವಳ ಪಕ್ಕದಲ್ಲಿ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು. ಹಬೆ ಅವನ ಮುಖಕ್ಕೆ ಬಡಿಯುತ್ತಿತ್ತು, ಅದಕ್ಕೇ ಇರಬಹುದು. ಅವಳು ಅವನನ್ನು ನೋಡಿದಳು, ತಾತನ ಹಿಂದೆ ಒಲೆಯ ಮೇಲಿದ್ದ ಅನ್ನವನ್ನು ನೋಡಿದಳು. ಎರಡೂ ಬೇಕಾಗಿತ್ತು.

"ನಾನು ಇವರನ್ನ ಮದುವೆ ಆಗ್ತೀನಿ ತಾತ," ಎಂದು ಹೊಟ್ಟೆಯಾಳದಿಂದ ಕೂಗಿದಳು. "ಇವರೂ ಇವರಮ್ಮನೂ ಊಟಕ್ಕೆ ಬಂದಿದ್ದಾರೆ. ನಾವು ಅನ್ನ ಮಾಡೋದು ಮರೆತುಬಿಟ್ವಿ. ನಮ್ಮನೇಲಿ ಯಾರಿಗೂ ಅನ್ನ ಮಾಡೋಕೆ ಬರಲ್ಲ. ಆದ್ರೂ ನಾನು ಇವರನ್ನೇ ಮದುವೆ ಆಗೋದು."

ಮುಚ್ಚಿದ ಅಂಗಡಿಗಳ ತಗಡಿನ ಬಾಗಿಲುಗಳಿಗೆ ಬಡಿದು ಮಾತು ಎರಡೆರಡು ಸಲ ಕೇಳಿಸಿತು. ಗಡಿಯಾರದವರ ಕಿಟಕಿ ತೆರೆಯಿತು. ಇಸ್ತ್ರಿಯಮ್ಮ ಹೊರಗೆ ಬಂದಳು. ಮೇಲೆ ಬಾಲ್ಕನಿಯಲ್ಲಿ ಅಜ್ಜಿ, ಅಪ್ಪ, ಚಿಕ್ಕಮ್ಮ ಸಾಲಾಗಿ ನಿಂತಿದ್ದರು, ಅವರ ನಡುವೆ ಕಂಬಿಗೆ ಮೊಣಕೈಯೂರಿ ಅಡುಗೆಯಮ್ಮ.

"ಕೇಳಿಸ್ತು," ಎಂದರು ಅಡುಗೆಯಮ್ಮ ಮೇಲಿನಿಂದ. "ಪಕ್ಕದ ಓಣಿಗೂ ಕೇಳಿಸಿರಬೇಕು. ಅನ್ನ ಆರ್ತಿದೆ, ಇಬ್ಬರೂ ಮೇಲೆ ಬನ್ನಿ."

ತಾತ ಅನ್ನದ ಪಾತ್ರೆಯನ್ನು ಕೊಟ್ಟ, ಅದರ ಹಿಂದೆಯೇ ತಾನೂ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದ. ಕೋಳಿಯ ಜವಾಬ್ದಾರಿ ತನ್ನದೆಂದು ಇಸ್ತ್ರಿಯಮ್ಮನೂ ಬಂದಳು. ಆರು ಜನರ ಮೇಜಿಗೆ ಎಂಟು ಜನ ಕೂತರು; ಅಪ್ಪ ಎಣ್ಣೆ ಡಬ್ಬದ ಮೇಲೆ. ಇರುವೆಯ ತಲೆ ಹಗುರಾಗಿ ಎಲ್ಲೋ ಮಾಡಿನ ಹತ್ತಿರ ತೇಲುತ್ತಿತ್ತು.

ಅಡುಗೆಯಮ್ಮ ಸೌತೆಕಾಯಿಯ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿದರು.

"ಉಪ್ಪು ಕಮ್ಮಿ."

ಎಲ್ಲರ ಕೈ ತುತ್ತಿನ ಅರ್ಧದಾರಿಯಲ್ಲಿ ನಿಂತಿತು. ಚಿಕ್ಕಮ್ಮ ಉಪ್ಪಿನ ಡಬ್ಬಿಗೆ ಕೈ ಚಾಚಿದಳು. ಇರುವೆ ಅವಳ ಕೈ ಹಿಡಿದುಕೊಂಡಳು.

"ಉಪ್ಪು ಸರಿಯಾಗಿದೆ," ಅಂದಳು. "ನೀವು ಅದನ್ನ ಬರೀ ಬಾಯಲ್ಲಿ ತಿಂದ್ರಿ. ಮೊದಲು ಅನ್ನ, ಕೋಳಿ ಒಂದು ತುತ್ತು ತಿನ್ನಿ. ಆಮೇಲೆ ಇದು."

"ನಾನೂರು ಜನಕ್ಕೆ ಬಡಿಸಿದವಳಿಗೆ ಊಟ ಮಾಡೋದು ಹೇಳಿಕೊಡ್ತೀಯಾ?"

"ಹೇಳಿಕೊಡ್ತೀನಿ."

ಮೆಕ್ಯಾನಿಕ್ ಮೇಜಿನ ಕೆಳಗೆ ಏನೋ ಬಿದ್ದವನಂತೆ ಬಗ್ಗಿಬಿಟ್ಟ. ಅಡುಗೆಯಮ್ಮ ಅನ್ನ, ಕೋಳಿ ಕಲಸಿ ಒಂದು ತುತ್ತು ತಿಂದರು, ಮೇಲೆ ಸೌತೆಕಾಯಿ. ಅಗಿಯುತ್ತ ಇರುವೆಯನ್ನು ನೋಡಿದರು, ಬಟ್ಟಲನ್ನು ನೋಡಿದರು, ಮತ್ತೊಂದು ತುಂಡು ಎತ್ತಿಕೊಂಡರು. ಆಮೇಲೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಉಳಿದ ಬಟ್ಟಲುಗಳ ಕಡೆ ಕೈ ತೋರಿಸಿದರು.

"ಸರಿ, ಈಗ ಯಾವುದು ತಿನ್ಲಿ, ಹೇಳು."