ಚಿಕ್ಕಬೋರಮ್ಮನ ಕ್ಯಾಸೆಟ್ಟಿನಲ್ಲಿ ಜರ್ಮನಿ ಬ್ಯಾಂಡು

ಡಬ್ಬಿ ತೆಗೆದರೆ ಒಳಗೆ ಏನೂ ಇರಲಿಲ್ಲ.

ಲಕ್ಷ್ಮಣ ಅದನ್ನು ಮುಚ್ಚಿ ಮತ್ತೆ ತೆಗೆದ, ಮುಚ್ಚಿ ತೆಗೆದರೆ ಕ್ಯಾಸೆಟ್ಟು ಬಂದು ಕೂತುಬಿಡುತ್ತದೇನೋ ಅನ್ನುವ ಹಾಗೆ. ಡಬ್ಬಿಯ ಚೀಟಿಯ ಮೇಲೆ ಅವನದೇ ಅಕ್ಷರ: 'ಚಿಕ್ಕಬೋರಮ್ಮ, ಕ್ಯಾತನಹಳ್ಳಿ, ಸೋಬಾನೆ.' ಚಿಕ್ಕಬೋರಮ್ಮ ತೀರಿಕೊಂಡು ಇವತ್ತಿಗೆ ವರ್ಷ. ಮನೆಯಲ್ಲಿ ಎಡೆ ಇಟ್ಟು, ನೆಂಟರನ್ನೆಲ್ಲ ಕೂರಿಸಿಕೊಂಡು, ಆಕೆಯ ದನಿ ಕೇಳಿಸಬೇಕು ಅಂತ ಮಗ ನಿಂಗರಾಜು ವರ್ಷದಿಂದ ಕಾದಿದ್ದಾನೆ. ಇನ್ನೇನು ಬಂದುಬಿಡುತ್ತಾನೆ.

ಕ್ಯಾಸೆಟ್ಟು ಮಾತ್ರ ಇಲ್ಲ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಎದುರು ಸಂದಿಯಲ್ಲಿದ್ದ ಆ ಅಂಗಡಿಯಲ್ಲಿ ಲಕ್ಷ್ಮಣನ ತಾತ, ಅಪ್ಪ ಕೂತು ತಾಳಿ, ಓಲೆ ಮಾಡಿದ್ದರು. ಇವನಿಗೆ ಚಿನ್ನ ಹಿಡಿಸಲಿಲ್ಲ, ಹಾಡು ಹಿಡಿಸಿತು. ಅಗ್ಗಿಷ್ಟಿಕೆ ಇದ್ದ ಮೂಲೆಗೆ ಎರಡು ಕ್ಯಾಸೆಟ್ಟು ಹಿಡಿಯುವ ಡೆಕ್ಕು ತಂದಿಟ್ಟು ರೆಕಾರ್ಡಿಂಗ್ ಸೆಂಟರ್ ಅಂತ ಬೋರ್ಡು ಹಾಕಿದ. ಅಪ್ಪನ ಸಾಮಾನಿನಲ್ಲಿ ಅವನು ಇಟ್ಟುಕೊಂಡಿದ್ದು ಒಂದು ಚಿಮಟ, ಅದು ಸದಾ ಜೇಬಿನಲ್ಲಿ. ಹರಿದ ಟೇಪನ್ನು ಅದರಲ್ಲಿ ಹಿಡಿದು ಕೂದಲೆಳೆಯಷ್ಟೂ ಸೊಟ್ಟ ಬಾರದಂತೆ ಅಂಟಿಸುತ್ತಿದ್ದ. ಆ ಚಿಮಟವೇ ಜರ್ಮನಿಯ ಹೆಂಗಸನ್ನು ಅವನ ಅಂಗಡಿಗೆ ಕರೆದುಕೊಂಡು ಬಂದಿದ್ದು.

ಆಕೆಯ ಹೆಸರು ಉಲ್ರಿಕೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಯ ಕಲ್ಲುಗಳನ್ನು ಅಳೆದು ಅಳೆದು ಬರೆದುಕೊಳ್ಳುತ್ತ ಕೆ.ಆರ್. ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅವಳ ಪುಟ್ಟ ಟೇಪ್ ರೆಕಾರ್ಡರು ಕ್ಯಾಸೆಟ್ಟು ಅಗಿಯೋದು, ಅವಳು ಬಸ್ಸು ಹತ್ತಿ ಇಲ್ಲಿಗೆ ಬರೋದು. ಮೊದಲ ಸಲ ಟೇಪು ಅಂಟಿಸಿ, ಸರಿಯಾಗಿದೆಯಾ ಅಂತ ಹಾಕಿ ನೋಡಿದ ಲಕ್ಷ್ಮಣ ಕೂತಲ್ಲೇ ಕೂತ. ತಬಲವಿಲ್ಲ, ಪಿಟೀಲಿಲ್ಲ. ಬಾವಿಯೊಳಕ್ಕೆ ಕೊಡ ಬಿದ್ದಂಥ ಸದ್ದು, ಅದರ ಹಿಂದೆ ಮಿಷಿನ್ನು ಓಡಿದಂಥ ತಾಳ, ಅದರ ಮೇಲೆ ಯಾರೋ ನಿದ್ದೆಗಣ್ಣಲ್ಲಿ ಹೇಳಿದಂಥ ಹಾಡು.

"ಹೊಸ ಹುಡುಗರು," ಅಂದಿದ್ದಳು ಅವಳು, ತನ್ನ ಮುರುಕು ಕನ್ನಡದಲ್ಲಿ. "ನಮ್ಮ ಊರಲ್ಲೂ ಯಾರಿಗೂ ಗೊತ್ತಿಲ್ಲ."

ಯಾರಿಗೂ ಗೊತ್ತಿಲ್ಲದ್ದು ಪಾಂಡವಪುರದ ಸಂದಿಯಲ್ಲಿ ತನಗೆ ಗೊತ್ತು! ಅವತ್ತಿಂದ ಹುಚ್ಚು ಹಿಡಿಯಿತು. ಅವಳು ಊರಿಗೆ ಹೋಗಿ ಬಂದಾಗಲೆಲ್ಲ ಹೊಸ ಬ್ಯಾಂಡುಗಳು. ಆ ಹೆಸರುಗಳಿಗೆ ನಾಲಿಗೆ ಹೊರಳದೆ ಇವನೇ ಹೆಸರಿಟ್ಟ: ಆಲೆಮನೆ ಬ್ಯಾಂಡು, ಗೂಡ್ಸ್ ಗಾಡಿ ಬ್ಯಾಂಡು, ಮುನಿಸಿನ ಹುಡುಗಿ. ಆರು ಕ್ಯಾಸೆಟ್ಟು ತುಂಬಿಸಿಟ್ಟುಕೊಂಡಿದ್ದ. ಏಳನೆಯದು ನಿನ್ನೆ ಮಧ್ಯಾಹ್ನದ್ದು.

ನಿನ್ನೆ! ಲಕ್ಷ್ಮಣ ಮೇಜಿನ ಕಡೆ ತಿರುಗಿದ.

ನಿನ್ನೆ ಉಲ್ರಿಕೆ ಬಸ್ಸಿಗೆ ಅವಸರ ಮಾಡುತ್ತಿದ್ದಳು. ಅವಳು ಟೀ ಕುಡಿದು ಬರುವಷ್ಟರಲ್ಲಿ ಇವನು ಡಬಲ್ ಸ್ಪೀಡಿನಲ್ಲಿ ಅವಳ ಕ್ಯಾಸೆಟ್ಟಿನ ಒಂದು ಬದಿಯನ್ನಾದರೂ ಇಳಿಸಿಕೊಳ್ಳಬೇಕು. ಖಾಲಿ ಕ್ಯಾಸೆಟ್ಟು ಸಿಗಲಿಲ್ಲ. ಮೇಜಿನ ಮೇಲೆ ಒಂದು ಬರಿ ಕ್ಯಾಸೆಟ್ಟು ಬಿದ್ದಿತ್ತು. ಹೆಬ್ಬೆರಳಲ್ಲಿ ಅದರ ಬೆನ್ನು ಸವರಿದ. ಅದು ಅವನ ಅಭ್ಯಾಸ. ಕ್ಯಾಸೆಟ್ಟಿನ ಬೆನ್ನಿನಲ್ಲಿ, ಬದಿಗೊಂದರಂತೆ, ಎರಡು ಸಣ್ಣ ಪ್ಲಾಸ್ಟಿಕ್ ಚಕ್ಕೆ ಇರುತ್ತವೆ. ಚಕ್ಕೆ ಮುರಿದರೆ ಅದರ ಮೇಲೆ ಮತ್ತೆ ಏನೂ ತುಂಬಿಸಲಾಗದು. ಗಿರಾಕಿಯ ಕೆಲಸ ಮುಗಿದ ಗಳಿಗೆಯಲ್ಲೇ ಚಿಮಟದಲ್ಲಿ ಚಟ್ ಅಂತ ಮುರಿಯುವುದು ಅಂಗಡಿಯ ನಿಯಮ. ಮುರಿದಿದ್ದರೆ ಯಾರದೋ ದನಿ, ಮುರಿಯದಿದ್ದರೆ ಖಾಲಿ. ನಿನ್ನೆ ಬೆರಳಿಗೆ ಚಕ್ಕೆ ಸಿಕ್ಕಿತ್ತು.

ಒಂದೇ ಒಂದು ಕ್ಯಾಸೆಟ್ಟಿನ ಚಕ್ಕೆಯನ್ನು ಮಾತ್ರ ಅವನು ಬೇಕಂತಲೇ ಮುರಿದಿರಲಿಲ್ಲ. ಚಿಕ್ಕಬೋರಮ್ಮ ಹಾಡಿ ಎದ್ದು ಹೋಗುವಾಗ, "ಇನ್ನೊಂದೈತೆ ಕಣ್ಲಾ ಮಗ, ಬರೋ ಸಂತೆಗೆ ಬಂದೇಳ್ತೀನಿ" ಅಂದಿದ್ದಳು. ಆ ಸಂತೆಗೆ ಮೊದಲೇ ಹೋಗಿಬಿಟ್ಟಳು. ಆಮೇಲೆ ಎಷ್ಟೋ ಸಲ ಚಿಮಟ ಹಿಡಿದು ಕೂತರೂ ಅವನಿಗೆ ಮನಸ್ಸು ಬರಲಿಲ್ಲ. ಬರುತ್ತೀನಿ ಅಂದವಳ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಗುತ್ತಿತ್ತು. ಟೇಪು ಅಂಟಿಕೊಂಡಿರಬಾರದು ಅಂತ ಮೊನ್ನೆ ಡಬ್ಬಿಯಿಂದ ತೆಗೆದು ಟೇಪನ್ನು ಶುರುವಿನ ತನಕ ಹಿಂದಕ್ಕೆ ಸುತ್ತಿಟ್ಟಿದ್ದ, ಮೇಜಿನ ಮೇಲೆ.

'ಜರ್ಮನಿ ೭' ಅಂತ ಬರೆದಿದ್ದ ಡಬ್ಬಿಯಿಂದ ಕ್ಯಾಸೆಟ್ಟು ತೆಗೆದು ಡೆಕ್ಕಿಗೆ ಹಾಕಿದ. ಗುಂಡಿ ಒತ್ತಿದ. ಧಡ್, ಧಡ್, ಧಡ್. ಮಿಷಿನ್ ತಾಳ.

"ಅಯ್ಯೋ ತಾಯಿ..."

ಉಲ್ರಿಕೆಯ ಕ್ಯಾಸೆಟ್ಟು ನಲವತ್ತಾರು ನಿಮಿಷದ್ದೋ ಅರವತ್ತರದ್ದೋ? ಚಿಕ್ಕಬೋರಮ್ಮನದು ಅರವತ್ತರದ್ದು, ಬದಿಗೆ ಮೂವತ್ತು ನಿಮಿಷ. ಉಲ್ರಿಕೆಯದು ನಲವತ್ತಾರಾದರೆ ಹಾಡು ಇಪ್ಪತ್ತಮೂರಕ್ಕೆ ಮುಗಿದು, ಈ ಬದಿಯ ಕೊನೆಯ ಏಳು ನಿಮಿಷ ಚಿಕ್ಕಬೋರಮ್ಮ ಉಳಿದಿರುತ್ತಾಳೆ. ಅರವತ್ತಾದರೆ ಒಂದು ಉಸಿರೂ ಉಳಿದಿರುವುದಿಲ್ಲ. ಆ ಕಡೆ ಬದಿಯಲ್ಲಿ ಮೊದಲಿಂದಲೂ ಏನೂ ಇಲ್ಲ. ಕೊನೆಗೆ ಓಡಿಸಿ ನೋಡೋಣ ಅಂತ ಕೈ ಚಾಚಿದ. ಪಟ್ ಅಂತ ಕರೆಂಟು ಹೋಯಿತು.

ಹೊರಗೆ ಟಿವಿಎಸ್ಸು ಬಂದು ನಿಂತಿತು.

"ಏನ್ಲಾ ಆಚಾರಿ, ರೆಡಿನಾ ಅವ್ವ?" ನಿಂಗರಾಜು ಒಳಗೆ ಬಂದ. ಎತ್ತಿನಂಥ ಆಳು, ಹೊಸ ಪಂಚೆ, ಬೆಳಗ್ಗಿಂದ ಉಪವಾಸದ ಮುಖ. "ಕ್ಯಾಸೆಟ್ಟು ಎತ್ಕೊ. ನೀನೂ ಅತ್ತು ಗಾಡಿ. ನೀನೇ ಬಂದು ಒತ್ಬೇಕು. ನೀನಂದ್ರೆ ಎಷ್ಟ್ ಆಸೆ ಇತ್ತು ಅವ್ವಂಗೆ."

"ಅಣ್ಣ, ಅಂಗ್ಡಿ..."

"ಕರೆಂಟೇ ಇಲ್ಲ, ಎಂಥಾ ಅಂಗ್ಡಿನ್ಲಾ? ನಮ್ ರೆಕಾರ್ಡರ್ಗೆ ಹೊಸ ಸೆಲ್ಲಾಕಿವ್ನಿ. ಬಾ ಬಾ."

ಕಬ್ಬಿನ ಗದ್ದೆಗಳ ನಡುವೆ ಗಾಡಿ ಓಡಿತು. ಜೇಬಿನಲ್ಲಿ ಕ್ಯಾಸೆಟ್ಟು ಎದೆಗೆ ಬಡಿಯುತ್ತಿತ್ತೋ, ಎದೆಯೇ ಕ್ಯಾಸೆಟ್ಟಿಗೆ ಬಡಿಯುತ್ತಿತ್ತೋ. ನಾಲೆ ಏರಿಗೆ ಬಂದಾಗ ಲಕ್ಷ್ಮಣನಿಗೆ ಒಂದು ಕೆಟ್ಟ ಯೋಚನೆ ಬಂತು. ಜಾರಿ ಬಿತ್ತು ಅನ್ನಬಹುದು. ಕೈ ಜೇಬಿಗೆ ಹೋಯಿತು, ಕ್ಯಾಸೆಟ್ಟನ್ನು ಅರ್ಧ ಎಳೆಯಿತು. ಒಳಗೆ ಆಕೆ ಇದ್ದರೆ? ಏಳೇ ನಿಮಿಷ ಇದ್ದರೂ? ಕೈ ಹಾಗೇ ವಾಪಸ್ಸು ತುರುಕಿತು.

"ನಿಂಗ್ರಾಜಣ್ಣ, ಒಂದ್ ಮಾತು..."

"ಏನಂದೆ? ಗಾಳೀಲಿ ಕೇಳಾಕಿಲ್ಲ."

"ಏನಿಲ್ಲ ಬುಡು."

ನಡುಮನೆಯಲ್ಲಿ ಎಡೆ ಇಟ್ಟಿದ್ದರು: ಒಬ್ಬಟ್ಟು, ಅನ್ನ, ಸಾರು, ಪಕ್ಕದಲ್ಲಿ ಆಕೆಗೆ ಪ್ರೀತಿಯಾದ ಎಲೆ ಅಡಿಕೆ, ಒಂದೆಸಳು ಹೊಗೆಸೊಪ್ಪು. ನೆಂಟರು ಗೋಡೆಗೆ ಒರಗಿ ಕೂತಿದ್ದರು. ಎಲ್ಲರಿಗಿಂತ ಮುಂದೆ, ರೆಕಾರ್ಡರಿಗೆ ಮೊಣಕಾಲು ತಾಗಿಸಿಕೊಂಡು ಮಂಚಮ್ಮ, ಸತ್ತವಳ ತಂಗಿ. ಕಣ್ಣು ಕಾಣದು.

"ಬಂದ್ಲಾ ನಮ್ಮಕ್ಕ?" ಅಂದಳು.

ಲಕ್ಷ್ಮಣ ಕ್ಯಾಸೆಟ್ಟು ಹಾಕಿದ. ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

"ಅಣ್ಣ, ಇದ್ರಲ್ಲಿ ಮೊದ್ಲು ಬ್ಯಾರೆ ಬತ್ತದೆ."

"ಬ್ಯಾರೆ ಅಂದ್ರೆ?"

"ಜರ್ಮನಿ ಹಾಡು. ನಾನೇ... ಖಾಲಿ ಅನ್ಕೊಂಡು ಅವ್ವನ ಮ್ಯಾಲೆ ತುಂಬ್ಸ್ಬುಟ್ಟೆ."

ನಿಂಗರಾಜುವಿನ ದನಿ ಏರಲಿಲ್ಲ. ಏರಿದ್ದರೆ ಲಕ್ಷ್ಮಣನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಅಂಗಾರೆ ಅವ್ವ ಎಲ್ಲವ್ಳೆ?"

"ಕೊನೇಲಿ ಇದ್ರೂ ಇರ್ಬೋದು. ಗೊತ್ತಿಲ್ಲ. ಮುಂದುಕ್ ಓಡುಸ್ಲಾ?"

"ಮುಟ್ಟಬ್ಯಾಡ. ಓಡ್ಸಿ ಅವ್ವುನ್ನ ದಾಟ್ಕೊಂಡೋಗ್ಬುಟ್ರೆ? ಮೊದ್ಲಿಂದ ಹಾಕು. ಬರೋಗಂಟ ಕೂತ್ಕತೀವಿ."

ಧಡ್, ಧಡ್, ಧಡ್. ಎಡೆಯ ಮುಂದೆ ಹದಿನೈದು ಜನ ಕೈ ಕಟ್ಟಿಕೊಂಡು ಜರ್ಮನಿ ಬ್ಯಾಂಡು ಕೇಳಿದರು. ಯಾರೂ ಅಲ್ಲಾಡಲಿಲ್ಲ. ಲಕ್ಷ್ಮಣನಿಗೆ ಒಂದೊಂದು ಏಟೂ ಆಕೆಯ ಒಂದೊಂದು ಸೊಲ್ಲನ್ನು ಕುಟ್ಟಿ ಹಾಕಿದ ಹಾಗೆ ಕೇಳುತ್ತಿತ್ತು. ಅದಕ್ಕಿಂತ ನಾಚಿಕೆಯ ಮಾತೆಂದರೆ, ಮೂರನೆಯ ಹಾಡಿನಲ್ಲಿ ಒಂದು ಎಳೆ ರಾಗ ಎದ್ದು ಬಂದಾಗ ಅವನ ಮೈ ಈಗಲೂ ಜುಮ್ಮೆಂದಿತು. ತಲೆ ತಗ್ಗಿಸಿದ.

"ಸಕ್ರೆ ಫ್ಯಾಕ್ಟ್ರಿ ಒಳಿಕ್ಕೆ ಕೂರ್ಸ್ದಂಗೈತಲ್ಲೋ," ಅಂದಳು ಮಂಚಮ್ಮ. ಇನ್ನೊಂದು ಗಳಿಗೆ ಬಿಟ್ಟು, "ಆ ಹೆಣ್ಣುಡುಗಿ ಯಾಕ್ಲಾ ಅಂಗ್ ಮಾತಾಡ್ತಾಳೆ? ಯಾರ್ ಮ್ಯಾಲೆ ಮುನ್ಸೋ?"

ಯಾರೂ ನಗಲಿಲ್ಲ. ಹದಿನೈದು ನಿಮಿಷ. ಇಪ್ಪತ್ತು. ಗೋಡೆ ಗಡಿಯಾರದಲ್ಲಿ ಇಪ್ಪತ್ತಮೂರು ದಾಟಿತು, ಹಾಡು ನಿಲ್ಲಲಿಲ್ಲ. ಇಪ್ಪತ್ತನಾಲ್ಕು. ಹಾಗಾದರೆ ಅರವತ್ತರದ್ದೇ. ಮುಗಿಯಿತು. ಇಪ್ಪತ್ತೆಂಟಕ್ಕೆ ಹಾಡು ನಿಂತು ಬರೀ ಸೊಯ್ ಅನ್ನುವ ಸದ್ದು ಉಳಿಯಿತು. ನಿಂಗರಾಜು ನಿಧಾನಕ್ಕೆ ತಲೆಯೆತ್ತಿ ಅವನನ್ನೇ ನೋಡಿದ.

ಟಕ್ ಅಂತ ಒಂದು ಸದ್ದು, ನಿನ್ನೆ ಉಲ್ರಿಕೆಯ ಬಸ್ಸಿನ ಅವಸರಕ್ಕೆ ಅವನು ಡೆಕ್ಕು ನಿಲ್ಲಿಸಿದ್ದರದು.

"...ಬಾನವೇ." ಕೆಮ್ಮು. "ಸಾಕ್ ಬುಡ್ಲಾ ಮಗ, ಗಂಟ್ಲು ಕಟ್ಕತು. ಎಲೆ ಅಡ್ಕೆ ತತ್ತಾ ಇತ್ಲಾಗೆ. ತುಂಬೋಯ್ತಾ ಅದು?" ದೂರದಿಂದ ಲಕ್ಷ್ಮಣನ ದನಿ: "ಇಲ್ಲ ಕಣವ್ವ, ಇನ್ನೂ ಜಾಗೈತೆ." "ಇರ್ಲಿ. ಇನ್ನೊಂದೈತೆ ಕಣ್ಲಾ ಮಗ, ನಮ್ ಮಂಚಿ ಮದ್ವೇಲಿ ಏಳಿದ್ದು. ಬರೋ ಸಂತೆಗೆ ಬಂದೇಳ್ತೀನಿ. ನಿಂಗ ಬಂದ್ನಾ ನೋಡು ಆಚೆ. ಬೆಳಗ್ಗಿಂದ ಏನೂ ತಿಂದಿಲ್ಲ ಅದು, ಅಸ್ಕೊಂಡಿರ್ತದೆ."

ಟೇಪು ಮುಗಿದು ಗುಂಡಿ ಮೇಲೆದ್ದಿತು.

"ನನ್ ಮದ್ವೆದಾ?" ಅಂದಳು ಮಂಚಮ್ಮ, ರೆಕಾರ್ಡರನ್ನು ಸವರುತ್ತ. "ಅಕ್ಕಾ, ಯಾವ್ದೇ ಅದು?"

ನಿಂಗರಾಜು ಕ್ಯಾಸೆಟ್ಟು ಹೊರಗೆ ತೆಗೆದ. ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು, ಲಕ್ಷ್ಮಣನ ಮುಂದೆ ಹಿಡಿದ.

"ಮುರಿ."

"ಯಾವ್ ಕಡೇದಣ್ಣ?"

"ಎಲ್ಡೂ. ನನ್ ಕಣ್ಮುಂದೆ ಮುರಿ."

ಜೇಬಿನಿಂದ ಚಿಮಟ ತೆಗೆದ. ಚಟ್. ಚಟ್. ನಿಂಗರಾಜು ಕ್ಯಾಸೆಟ್ಟನ್ನು ಜೇಬಿಗಿಟ್ಟುಕೊಂಡ.

"ಇನ್ ನಿನ್ನಂಗ್ಡಿ ಮೆಟ್ಲು ಅತ್ತಾಕಿಲ್ಲ ಕಣ್ಲಾ ನಾನು." ಲಕ್ಷ್ಮಣ ಏಳಲು ಹೋದ. "ಎಲ್ಲೋದಿಯಾ? ಕೂತ್ಕೊ. ಅವ್ವನ ಎಡೆ ಬುಟ್ಟು ಯಾರೂ ಎದ್ದೋಗಂಗಿಲ್ಲ."

ಎಲೆ ಹಾಕಿದರು. ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು. ಲಕ್ಷ್ಮಣ ಬಲಗೈಯಲ್ಲಿ ಮುರಿದು ಬಾಯಿಗಿಟ್ಟುಕೊಂಡ. ಮುಷ್ಟಿ ಕಟ್ಟಿದ ಎಡಗೈಯಲ್ಲಿ ಎರಡು ಚಕ್ಕೆಗಳು ಚುಚ್ಚುತ್ತಲೇ ಇದ್ದವು.