ಕೋಳಿಯ ಚೀಟಿ

ನಿಘಂಟು ಕಚೇರಿಯಲ್ಲಿ ಗಂಡ ಕೂರುತ್ತಿದ್ದ ಕುರ್ಚಿಯೇ ಅವಳಿಗೆ ಸಿಕ್ಕಿತ್ತು. ಅವನು ತೀರಿಹೋಗಿ ಐದು ತಿಂಗಳು. ಮೇಜಿನ ತುಂಬ ಅವನು ಬರೆದಿಟ್ಟ ಚೀಟಿಗಳು, ಪದಕ್ಕೊಂದರಂತೆ. ಬೆಳಿಗ್ಗೆಯಿಂದ ಒಂದೇ ಚೀಟಿ ಸಂಪಾದಕರ ಕೋಣೆಯಿಂದ ಮೂರು ಸಲ ವಾಪಸು ಬಂದಿತ್ತು: ಕೋಳಿ.

‘ಸಾಕುಹಕ್ಕಿ. ಸೋದರ ಭಾಷೆಗಳಲ್ಲೂ ಇದೇ ಪದ. ಅದಕ್ಕಿಂತ ಹಿಂದಿನ ಮೂಲ ತಿಳಿಯದು’ ಎಂದು ಗಂಡ ಬರೆದು ಸಹಿ ಹಾಕಿದ್ದ.

“ತಿಳಿಯದು ಅನ್ನೋಕೆ ನಿಘಂಟು ಯಾಕಮ್ಮ ಬೇಕು?” ಸಂಪಾದಕರು ಈ ಸಲ ತಾವೇ ಬಂದರು. “ಕೂಗೋದ್ರಿಂದ ಕೋಳಿ ಅಂತ ಬರಿ. ಮೂವತ್ತು ವರ್ಷದಿಂದ ಭಾಷಣದಲ್ಲಿ ಹೇಳ್ತಾ ಇದೀನಿ.”

“ಆಧಾರ ಇದೆಯಾ ಸರ್?”

“ಕೋಳೀನ ಕೇಳಿ ಮಸಾಲೆ ಅರೀಬೇಕಾ?”

ಬೆರಳಚ್ಚಿನ ಅಕ್ಕ ಯಂತ್ರದ ಹಿಂದೆ ಕಿಸಕ್ಕೆಂದಳು. “ಕಾಗೇನೂ ಕೂಗುತ್ತಲ್ಲ ಸರ್?”

“ನಿನ್ನ ಕೆಲಸ ನೋಡು ಮಾರಾಯ್ತಿ.”

ಅವರು ತಾವೇ ತಿದ್ದುವಂತಿರಲಿಲ್ಲ. ಆ ಕಚೇರಿಯಲ್ಲಿ ಹೋದವರ ಬರಹವನ್ನು ಅವರ ಕುರ್ಚಿಗೆ ಬಂದವರೇ ಹೊಡೆದುಹಾಕಬೇಕು. ಒಪ್ಪಿದರೆ ಕೆಳಗೆ ಸಹಿ ಮಾಡಬೇಕು. ಎರಡು ಸಹಿ ಬಿದ್ದ ಚೀಟಿಯನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ, ನೇರ ಅಚ್ಚಿಗೆ. ನಿಯಮ ಮಾಡಿದವರೂ ಸಂಪಾದಕರೇ.

“ನಾಲ್ಕು ಗಂಟೆಗೆ ಪುಟ ಹೋಗ್ಬೇಕು. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರ್ಲಿ.” ಕೆಂಪು ಪೆನ್ಸಿಲನ್ನು ಅವಳ ಮುಂದೆ ಕುಕ್ಕಿ ಹೋದರು.

ಅವಳಿಗೆ ಸಿಟ್ಟು ಬಂದದ್ದು ಗಂಡನ ಮೇಲೆ. ಇದೊಂದು ಪದಕ್ಕಾಗಿ ಚಳಿಗಾಲವಿಡೀ ಹಳೇ ಪುಸ್ತಕ ಕೆದಕಿದ್ದ. ಬಡಿಸಿದ್ದು ತಟ್ಟೆಯಲ್ಲೇ ಆರುತ್ತಿತ್ತು. ಅಷ್ಟೆಲ್ಲ ಮಾಡಿ ಕಡೆಗೆ ಬರೆದದ್ದು ‘ತಿಳಿಯದು’. ಹೋಗುವ ಮೊದಲು ಇದನ್ನಾದರೂ ಕಂಡುಹಿಡಿಯಬಾರದಿತ್ತೇ?

ಅವನಿಗೆ ಏನಾಗಿತ್ತೆಂದು ಕೇಳಿದಾಗ ವೈದ್ಯರೂ ಅದೇ ಮಾತು ಹೇಳಿದ್ದರು. ತಿಳಿದವರಂತೆ ಮಾತಾಡಿದ್ದು ನೆಂಟರು ಮಾತ್ರ. ಸೊಸೆಯ ಕಾಲ್ಗುಣ ಅಂದಿದ್ದರು. ಅವರನ್ನೂ ಯಾರೂ ಆಧಾರ ಕೇಳಿರಲಿಲ್ಲ.

ಪೆನ್ಸಿಲನ್ನು ಪಕ್ಕಕ್ಕೆ ಸರಿಸಿ, ಪೆನ್ನು ತೆಗೆದು ಅವನ ಸಹಿಯ ಕೆಳಗೆ ಸಹಿ ಹಾಕಿದಳು.

ನಾಲ್ಕಕ್ಕೆ ಬಂದು ಚೀಟಿ ಎತ್ತಿ ನೋಡಿದ ಸಂಪಾದಕರು ಮುಖ ಗಂಟು ಹಾಕಿಕೊಂಡರು. “ಗಂಡ ಹೆಂಡತಿ ಸೇರಿ ನನ್ನ ಪುಸ್ತಕದ ಮರ್ಯಾದೆ ತೆಗೆದ್ರಿ.”

“ಹೌದು ಸರ್.”

“ಖಾಯಂ ವಿಷಯ ಮುಂದಿನ ವರ್ಷ ನೋಡೋಣ.”

“ಕೊಡಿ ಸರ್, ಹೊತ್ತಾಯ್ತು,” ಎಂದು ಅಕ್ಕ ಅವರ ಕೈಯಿಂದಲೇ ಚೀಟಿ ತೆಗೆದುಕೊಂಡಳು.

ಅವಳು ಗಂಡನ ಚೀಟಿಗಳಲ್ಲಿ ಮುಂದಿನದನ್ನು ಎತ್ತಿಕೊಂಡಳು. ಪದ ಮಾತ್ರ ಇತ್ತು. ಅದರ ಕೆಳಗೆ ಅವನು ಏನೂ ಬರೆದಿರಲಿಲ್ಲ.